ಉಪ್ಪಾಗೆ, ಮುರುಗಲು ಮತ್ತು ಮೈ ಕರಗಿಸುವ ಗುಳಿಗೆ



ಚೌಡಾಪುರದ ಒಂದು ಸಂಘದ ವಾರದ ಸಭೆಯಲ್ಲಿ ಸದಸ್ಯೆಯೊಬ್ಬರು ಗುಳಿಗೆಯ ಡಬ್ಬಿ ತಂದು ನಮ್ಮ ಮುಂದಿಟ್ಟರು. "ಸಿಸ್ಟರ್, ಇದನ್ನ ತಿಂದ್ರ ಮೈ ಕರಗ್ತದಂತ, ಗಿಡದ ಔಷಧ ಅಂತ. ಖರೇ ಏನ್ರಿ?" ಎಂದು ಕೇಳಿದರು. ಡಬ್ಬಿಯ ಮೇಲೆ 'ಗಾರ್ಸೀನಿಯಾ' ಎಂದಿತ್ತು. ಅದಕ್ಕಾಗಿ ಸಂಘದ ಸಾಲವನ್ನೂ ಎತ್ತಿದ್ದರು.

ಗಾರ್ಸೀನಿಯಾ ಎಂದರೆ ಒಂದೇ ಗಿಡವಲ್ಲ, ಮಳೆಕಾಡಿನ ಮರಗಳ ದೊಡ್ಡ ಬಳಗ. ಪಶ್ಚಿಮ ಘಟ್ಟದ ಉಪ್ಪಾಗೆ, ಮುರುಗಲು ಎರಡೂ ಇದೇ ಬಳಗದವು. ಮ್ಯಾಂಗೋಸ್ಟೀನ್ ಹಣ್ಣೂ ಅಷ್ಟೇ. ನಮ್ಮ ತೊಗರಿ ಸೀಮೆಯ ಬಿಸಿಲು, ಎರೆಭೂಮಿ ಇವಕ್ಕೆ ಒಗ್ಗುವುದಿಲ್ಲ. ಸಸಿ ಮಾರಲು ಯಾರಾದರೂ ಬಂದರೆ ರೊಕ್ಕ ಕೊಡಬೇಡಿರಿ.

ನಮಗೆ ಹುಣಸೆ ಹೇಗೋ ಕರಾವಳಿ, ಮಲೆನಾಡಿನವರಿಗೆ ಇವು ಹಾಗೆ. ಕೊಡಗಿನ ಕಾಚಂಪುಳಿ ಆಗುವುದು ಉಪ್ಪಾಗೆ ಜಾತಿಯ ಹಣ್ಣಿನಿಂದಲೇ. ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಈ ಹಣ್ಣು ಮಾಗುವುದು ಮಳೆಗಾಲದಲ್ಲಿ, ಆಗ ಬಿಸಿಲೆಲ್ಲಿ ಬರಬೇಕು? ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿ ಕಟ್ಟಿಗೆ ಬೇಕು. 1990ರ ದಶಕದಲ್ಲಿ ಪರದೇಶದವರು ತೂಕ ಇಳಿಸಲೆಂದು ಇದರ ಸಿಪ್ಪೆ ಕೊಳ್ಳತೊಡಗಿದಾಗ ಬೆಲೆ ಏರಿತು. ಉತ್ತರ ಕನ್ನಡದ ಕಾಡುಗಳಲ್ಲಿ ಬೇರೆಯವರಿಗಿಂತ ಮೊದಲು ಕೀಳಬೇಕೆಂಬ ಆತುರಕ್ಕೆ ಕಾಯಿ ಬಲಿಯುವ ಮೊದಲೇ ಕಿತ್ತರು, ಕೊಂಬೆಗಳನ್ನೇ ಕಡಿದರು.

ಅಷ್ಟೆಲ್ಲಾ ಮಾಡಿ ಫಲವೇನು? ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ತಡೆಯುತ್ತದೆ ಎಂಬುದು ವ್ಯಾಪಾರಿಗಳ ಮಾತು. 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ 12 ವಾರ ಪರೀಕ್ಷೆ ನಡೆಸಿದರು. ಅರ್ಧದಷ್ಟು ಜನರಿಗೆ ಈ ಗುಳಿಗೆ, ಉಳಿದವರಿಗೆ ಔಷಧವೇ ಇಲ್ಲದ ಗುಳಿಗೆ. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯ, ಇಂಥ ಗುಳಿಗೆ ತಿಂದ ಕೆಲವರ ಯಕೃತ್ತು ಕೆಟ್ಟದ್ದು ಆಮೇಲೆ ವರದಿಯಾಗಿದೆ. ಸಾರಿಗೆ ಹಾಕುವ ಒಂದೆರಡು ಸಿಪ್ಪೆಯೇ ಬೇರೆ, ಸತ್ವ ಹಿಂಡಿ ತುಂಬಿದ ಗುಳಿಗೆಯೇ ಬೇರೆ. ತಿನ್ನುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಗುಳಿಗೆ ಬಿಟ್ಟು ಡಬ್ಬಿ ಸಮೇತ ಸರ್ಕಾರಿ ದವಾಖಾನೆಗೆ ಹೋಗಿರಿ. ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು, ಬಸುರಿಯರು, ಮೊಲೆಯೂಡಿಸುವ ತಾಯಂದಿರು ಮುಟ್ಟಲೇಬಾರದು. ಆ ಅಕ್ಕನಿಗೂ ನಾವು ಇದನ್ನೇ ಹೇಳಿದೆವು. ಸಾಲದ ಕಂತು ಮಾತ್ರ ಇನ್ನೂ ತೀರಿಲ್ಲ.

ಈ ಬಳಗದಿಂದ ನಮಗೆ ದಕ್ಕುವುದು ಮುರುಗಲ ಶರಬತ್ತು. ಒಣಸಿಪ್ಪೆ ಕಲಬುರಗಿ ಪ್ಯಾಟ್ಯಾಗ 'ಕೋಕಂ' ಎಂದು ಕೇಳಿದರೆ ಸಿಗುತ್ತದೆ. ಐದಾರು ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಸುಕಿ ಸೋಸಿ, ಬೆಲ್ಲ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿ ತಣ್ಣೀರು ಬೆರೆಸಿರಿ. ಒಣಸಿಪ್ಪೆಗೆ ಕೆಲವೊಮ್ಮೆ ಉಪ್ಪು ಸವರಿರುತ್ತಾರೆ, ಮೊದಲು ರುಚಿ ನೋಡಿರಿ.