ಮಣ್ಣು ಕಲಿಸಿದ ಪಾಠ

ಮಕ್ಕಳೇ, ನಮ್ಮ ಗೂಳೂರಿನ ದೊಡ್ಡ ಗಣಪನನ್ನು ನೋಡಿದ್ದೀರಾ? ಅವನನ್ನು ಮಾಡುವುದು ಕೆರೆಯ ಮಣ್ಣಿನಿಂದ. ಆ ಮಣ್ಣೇ ಒಮ್ಮೆ ನನಗೂ ಪಾಠ ಹೇಳಿತು.

ಆಗ ನಾನು ಮೇಷ್ಟರಾದ ಹೊಸತು. ಇಡೀ ತರಗತಿಗೆ ಒಂದೇ ಪಾಠ, ಒಂದೇ ಓಟ. ಸ್ಲೇಟಿನಲ್ಲಿ ಅಕ್ಷರ ತಿದ್ದಲಾಗದ ಹುಡುಗನೊಬ್ಬನನ್ನು ಗದರಿದೆ. ಮರುದಿನದಿಂದ ಅವನು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ, ಕೆರೆಯ ಬಳಿ ಕೂತು ಮಣ್ಣಿನ ಎತ್ತು ಮಾಡುತ್ತಿದ್ದ! ಪಕ್ಕದಲ್ಲೇ ಕೂತು, ‘ಗಣಪನ ಗ ಮಾಡೋಣವೇನೋ?’ ಎಂದೆ. ಮಣ್ಣು ಹೊಸೆದು, ಕಮಾನಿನಂತೆ ಬಗ್ಗಿಸಿ, ತಲೆಕಟ್ಟು ಇಟ್ಟ. ಮರುದಿನ ಶಾಲೆಗೆ ಬಂದ.

ಮುಂದೆ ‘ನಲಿ-ಕಲಿ’ ಬಂದಾಗ ಅವನೇ ನೆನಪಾದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1, 2ನೇ ತರಗತಿಗಳಿಗೆ ಬಂತು. ಇದರಲ್ಲಿ ಪಾಠವೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳ ‘ಕಲಿಕಾ ಏಣಿ’. ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಹತ್ತುತ್ತದೆ. ಜ್ವರ ಬಂದು ನಾಲ್ಕು ದಿನ ತಪ್ಪಿದರೆ, ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ. ಕೆಲವರಿಗೆ ಮೇಷ್ಟರ ನೆರವು, ಕೆಲವರಿಗೆ ಗೆಳೆಯರದು.

ಅಜ್ಜ-ಅಜ್ಜಿಯರೇ, ಮೊಮ್ಮಗುವನ್ನು ‘ಎಷ್ಟು ಮಾರ್ಕು?’ ಎನ್ನುವ ಮೊದಲು ‘ಇವತ್ತು ಯಾವ ಮೆಟ್ಟಿಲು ಹತ್ತಿದೆ?’ ಎಂದು ಕೇಳಿ. ಮಕ್ಕಳೇ, ಕೆಳಗಿನ ಮೆಟ್ಟಿಲಲ್ಲಿರುವ ಗೆಳೆಯನ ಕೈ ಹಿಡಿಯಿರಿ.