ಗುಡುಗು ಮೋಡದ ಜಾಡು ಹಿಡಿಯುವ ರಾಡಾರ್

ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಬೆಳಗಿನಿಂದಲೇ ಸೆಕೆ ಹೆಚ್ಚಿ, ಮಧ್ಯಾಹ್ನದ ಹೊತ್ತಿಗೆ ಹೂಕೋಸಿನ ಆಕಾರದ ಮೋಡಗಳು ಏಳುವುದು ರೈತರಿಗೆ ಚೆನ್ನಾಗಿ ಪರಿಚಿತವಾದ ನೋಟ. ಇವುಗಳಲ್ಲಿ ಕೆಲವು ಹಾಗೆಯೇ ಕರಗಿಹೋಗುತ್ತವೆ. ಕೆಲವು ಹದವಾಗಿ ಸುರಿದು ಉಳುಮೆಗೆ ಅನುಕೂಲ ಮಾಡಿಕೊಡುತ್ತವೆ. ಯಾವುದೋ ಒಂದು ಮೋಡ ಮಾತ್ರ ಬಿರುಗಾಳಿ, ಆಲಿಕಲ್ಲು, ಸಿಡಿಲುಗಳನ್ನು ಒಟ್ಟಿಗೆ ತಂದು, ಗೊನೆ ಬಿಟ್ಟ ಬಾಳೆಯ ತೋಟವನ್ನು ಹದಿನೈದು ನಿಮಿಷದಲ್ಲಿ ಮಲಗಿಸಿಬಿಡುತ್ತದೆ. ಬೆಳೆಯುವ ಹಂತದಲ್ಲಿ ನೆಲದ ಮೇಲೆ ನಿಂತು ನೋಡುವವರಿಗೆ ಈ ಮೂರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಮೋಡದ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ದೂರದಿಂದಲೇ ತೋರಿಸಬಲ್ಲ ಸಾಧನವೆಂದರೆ ಹವಾಮಾನ ರಾಡಾರ್.

ಹನಿ ದೊಡ್ಡದಾದಂತೆ ಬೆಳಕು ಹೆಚ್ಚು

ರಾಡಾರಿನ ಬಟ್ಟಲಿನಾಕಾರದ ಆಂಟೆನಾ ಸುತ್ತುತ್ತಾ ರೇಡಿಯೋ ಅಲೆಗಳನ್ನು ಬಿಟ್ಟುಬಿಟ್ಟು ಹೊರಡಿಸುತ್ತದೆ. ಈ ಅಲೆಗಳು ಮಳೆಹನಿ ಅಥವಾ ಆಲಿಕಲ್ಲಿಗೆ ತಗುಲಿದಾಗ ಅವುಗಳ ಒಂದು ಸಣ್ಣ ಅಂಶ ಹಿಂದಿರುಗುತ್ತದೆ. 150 ಕಿ.ಮೀ. ದೂರದ ಮೋಡಕ್ಕೆ ಹೋಗಿ ಬರಲು ಅಲೆಗೆ ಬೇಕಾಗುವ ಕಾಲ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ. ಆ ಕಾಲದಿಂದ ಮೋಡ ಎಷ್ಟು ದೂರದಲ್ಲಿದೆ ಎಂಬುದೂ, ಹಿಂದಿರುಗಿದ ಅಲೆಯ ಬಲದಿಂದ ಅದರಲ್ಲಿ ಏನಿದೆ ಎಂಬುದೂ ತಿಳಿಯುತ್ತದೆ. ಹನಿಯ ವ್ಯಾಸ ಎರಡು ಪಟ್ಟಾದರೆ ಅದು ಹಿಂದಿರುಗಿಸುವ ಶಕ್ತಿ 64 ಪಟ್ಟಾಗುತ್ತದೆ. ಆದ್ದರಿಂದಲೇ ತುಂತುರು ಮಳೆ ಪರದೆಯ ಮೇಲೆ ಮಂಕಾಗಿಯೂ, ದಪ್ಪ ಹನಿಯ ಮಳೆ ಮತ್ತು ನೀರು ಲೇಪಿಸಿದ ಆಲಿಕಲ್ಲು ಬಹಳ ಪ್ರಕಾಶವಾಗಿಯೂ ಕಾಣುತ್ತವೆ.

ಆಂಟೆನಾ ಒಂದೇ ಮಟ್ಟದಲ್ಲಿ ಸುತ್ತುವುದಿಲ್ಲ. ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಮೇಲಕ್ಕೆತ್ತಿ ಮೋಡವನ್ನು ಬುಡದಿಂದ ನೆತ್ತಿಯವರೆಗೆ ಪದರಪದರವಾಗಿ ನೋಡಲಾಗುತ್ತದೆ. ಸುಮಾರು ಐದರಿಂದ ಹತ್ತು ನಿಮಿಷಕ್ಕೊಮ್ಮೆ ಇಂಥ ಒಂದು ಪೂರ್ಣ ಚಿತ್ರ ದೊರೆಯುತ್ತದೆ. ಸಾಧಾರಣ ಗುಡುಗು ಮೋಡವೊಂದು ಹುಟ್ಟಿ, ಸುರಿದು, ಚದುರಿಹೋಗುವುದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ಮೊದಲ ಹನಿಗಳು ಮೇಲೆಯೇ ಕೂಡಿಕೊಳ್ಳುವುದರಿಂದ ನೆಲ ಇನ್ನೂ ಒಣಗಿರುವಾಗಲೇ ಅವು ರಾಡಾರಿಗೆ ಕಾಣುತ್ತವೆ. ಬೇಸಿಗೆಯಲ್ಲಿ ಕರ್ನಾಟಕದ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು 5 ಕಿ.ಮೀ. ಎತ್ತರದಲ್ಲಿರುತ್ತದೆ. ಪ್ರಕಾಶಮಾನವಾದ ತಿರುಳು ಆ ಮಟ್ಟವನ್ನು ದಾಟಿ ಬಹಳ ಮೇಲಕ್ಕೆ ಬೆಳೆದಿದ್ದರೆ ಆಲಿಕಲ್ಲಿನ ಸಂಭವವಿದೆಯೆಂದು ತಿಳಿಯಬೇಕು. ಅದೇ ತಿರುಳು ಒಮ್ಮೆಲೇ ಕೆಳಕ್ಕೆ ಕುಸಿಯತೊಡಗಿದರೆ ತಣ್ಣನೆಯ ಗಾಳಿಯೂ ಅದರೊಡನೆ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ಬೀಸಿ ಬಾಳೆ, ಪಪ್ಪಾಯಿಗಳನ್ನು ಮುರಿಯುವ ಗಾಳಿ ಇದೇ. ಹತ್ತಿರದ ರಾಡಾರಿನಲ್ಲಿ ಈ ಗಾಳಿಯ ಅಂಚು, ಅದು ಹೊತ್ತು ತರುವ ಧೂಳು ಮತ್ತು ಕೀಟಗಳ ಕಾರಣದಿಂದ, ತೆಳುವಾದ ಗೆರೆಯಂತೆ ಕಾಣುವುದೂ ಉಂಟು.

ಕೊಕ್ಕೆಯಾಕಾರದ ಗುರುತು

ಮೋಡದ ಆಕಾರವನ್ನೂ ಗಮನಿಸಬೇಕೆಂಬುದು ತಿಳಿದದ್ದು ಆಕಸ್ಮಿಕವಾಗಿ. ಅಮೆರಿಕದ ಇಲಿನಾಯ್ ರಾಜ್ಯದ ಜಲ ಸಮೀಕ್ಷಾ ಸಂಸ್ಥೆ ಮಳೆಯ ಪ್ರಮಾಣ ಅಳೆಯುವುದಕ್ಕಾಗಿ ರಾಡಾರ್ ಒಂದನ್ನು ಇಟ್ಟುಕೊಂಡಿತ್ತು. 1953ರ ಏಪ್ರಿಲ್ 9ರಂದು ಅದರ ಮುಂದೆ ಕುಳಿತಿದ್ದ ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ಎಂಜಿನಿಯರಿಗೆ ಮಳೆಮೋಡವೊಂದರ ಅಂಚಿನಿಂದ ಕೊಕ್ಕೆಯಂತೆ ಬಾಗಿದ ಬಾಲ ಕಾಣಿಸಿತು. ವಿಚಿತ್ರವೆನಿಸಿದ್ದರಿಂದ ಅವರು ಅದನ್ನು ಬಿಡದೆ ದಾಖಲಿಸಿಕೊಂಡರು. ಆ ಕೊಕ್ಕೆಯಿದ್ದ ಜಾಗದಲ್ಲೇ ಸುಂಟರಗಾಳಿ ನೆಲಕ್ಕಿಳಿದಿತ್ತೆಂಬುದು ಅನಂತರ ಖಚಿತವಾಯಿತು. ತಿರುಗುತ್ತಿರುವ ಮೋಡ ಮಳೆಯನ್ನು ತನ್ನ ಸುತ್ತ ಎಳೆದುಕೊಳ್ಳುವುದರಿಂದ ಈ ಆಕಾರ ಉಂಟಾಗುತ್ತದೆ.

ಆದರೆ ಕೊಕ್ಕೆ ಮೂಡಿದ ಮೋಡಗಳೆಲ್ಲ ಸುಂಟರಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ಅಳೆಯುವುದು ಸಾಧ್ಯವಾದದ್ದು ಡಾಪ್ಲರ್ ರಾಡಾರಿನಿಂದ. ಬಸ್ಸು ಎದುರಿಗೆ ಬರುವಾಗ ಹಾರನ್ನಿನ ಸ್ವರ ಏರಿದಂತೆಯೂ, ದಾಟಿಹೋದ ಮೇಲೆ ಇಳಿದಂತೆಯೂ ಕೇಳಿಸುತ್ತದಷ್ಟೆ. ಹಾಗೆಯೇ ಹನಿಗಳು ರಾಡಾರಿನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದಕ್ಕೆ ತಕ್ಕಂತೆ ಹಿಂದಿರುಗುವ ಅಲೆ ಸ್ವಲ್ಪ ಬದಲಾಗುತ್ತದೆ. ಹತ್ತಿರಹತ್ತಿರದ ಎರಡು ಜಾಗಗಳಲ್ಲಿ ಒಂದು ಕಡೆ ಗಾಳಿ ಬರುತ್ತಿದ್ದು, ಇನ್ನೊಂದು ಕಡೆ ಹೋಗುತ್ತಿದ್ದರೆ ಅಲ್ಲಿ ಸುಳಿ ಇದೆಯೆಂದು ಅರ್ಥ. 1973ರ ಮೇ 24ರಂದು ಒಕ್ಲಹೋಮಾ ರಾಜ್ಯದ ಯೂನಿಯನ್ ಸಿಟಿ ಎಂಬ ಊರಿಗೆ ಸುಂಟರಗಾಳಿ ಬಡಿಯಿತು. ನಾರ್ಮನ್ ಪಟ್ಟಣದ ಸಂಶೋಧನಾಲಯದ ಡಾಪ್ಲರ್ ರಾಡಾರ್ ಆ ದಿನ ದಾಖಲಿಸಿದ್ದನ್ನು ಪರಿಶೀಲಿಸಿದಾಗ, ಸುಂಟರಗಾಳಿ ನೆಲ ಮುಟ್ಟುವುದಕ್ಕೆ 20 ನಿಮಿಷಕ್ಕೂ ಮೊದಲೇ ಅದರ ಸುಳಿ ಮೋಡದ ನಡುಮಟ್ಟದಲ್ಲಿ ಮೂಡಿದ್ದು ಕಂಡುಬಂದಿತು. 1990ರ ದಶಕದಲ್ಲಿ ಅಮೆರಿಕ ದೇಶವ್ಯಾಪಿ ಡಾಪ್ಲರ್ ರಾಡಾರುಗಳನ್ನು ಸ್ಥಾಪಿಸಲು ಈ ಬಗೆಯ ಸಂಶೋಧನೆಯೇ ತಳಹದಿ.

ಕರ್ನಾಟಕದ ಸ್ಥಿತಿ

ಇಂಥ ಸುಂಟರಗಾಳಿಗೆ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕುಗಳಲ್ಲಿ ದೊಡ್ಡ ವ್ಯತ್ಯಾಸವಿರಬೇಕು. ಕರ್ನಾಟಕದಲ್ಲಿ ಅಂಥ ಸನ್ನಿವೇಶ ಅಪರೂಪ. ಇಲ್ಲಿಯ ಅಪಾಯವೆಂದರೆ ಸಿಡಿಲು, ಆಲಿಕಲ್ಲು ಮತ್ತು ಬಿರುಗಾಳಿ. ಭಾರತ ಹವಾಮಾನ ಇಲಾಖೆಯ ಮೊದಲ ಡಾಪ್ಲರ್ ರಾಡಾರ್ 2002ರಲ್ಲಿ ಚೆನ್ನೈಯಲ್ಲಿ ಕೆಲಸ ಆರಂಭಿಸಿತು. ಆದರೆ ರಾಡಾರಿನ ದೃಷ್ಟಿಗೂ ಒಂದು ಮಿತಿಯಿದೆ. ಭೂಮಿ ಬಾಗಿರುವುದರಿಂದ, ಅರ್ಧ ಡಿಗ್ರಿ ಮೇಲಕ್ಕೆ ಹೊರಟ ಅಲೆ 100 ಕಿ.ಮೀ. ದೂರದಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿದ್ದರೆ, 200 ಕಿ.ಮೀ. ದೂರದಲ್ಲಿ 4 ಕಿ.ಮೀ. ಎತ್ತರದಲ್ಲಿರುತ್ತದೆ. ಅಷ್ಟು ದೂರದಿಂದ ಮೋಡದ ಮೇಲ್ಭಾಗ ಕಂಡೀತೇ ಹೊರತು ಬುಡದ ಗಾಳಿ ಕಾಣುವುದಿಲ್ಲ. ಪಕ್ಕದೂರಿಗೆ ಸರಿಯಾಗಿ ಬಂದ ಮುನ್ಸೂಚನೆ ತಮ್ಮೂರಿಗೆ ಬರಲಿಲ್ಲವೆಂಬ ರೈತರ ದೂರಿಗೆ ಇದೂ ಒಂದು ಕಾರಣ.

ರಾಡಾರ್ ಮತ್ತು ಉಪಗ್ರಹ ಚಿತ್ರಗಳ ಆಧಾರದಿಂದ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಗುಡುಗು ಮಳೆಯ ಮುನ್ಸೂಚನೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಮಿಂಚು ಗುರುತಿಸುವ ಬೇರೆ ಉಪಕರಣಗಳ ನೆರವಿನಿಂದ 20ರಿಂದ 40 ಕಿ.ಮೀ. ಸುತ್ತಳತೆಯ ಸಿಡಿಲಿನ ಎಚ್ಚರಿಕೆ ನೀಡುತ್ತದೆ. ವಿಸ್ತರಣಾ ಕಾರ್ಯಕರ್ತರು ಇವನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಹಳ್ಳಿಗಳಿಗೆ ಮುಟ್ಟಿಸಿದರೆ ಹೆಚ್ಚು ಪ್ರಯೋಜನ. ಏಕೆಂದರೆ ಈ ಮೋಡಗಳು ಸಾಮಾನ್ಯವಾಗಿ ಸುರಿಯುವುದು ಅನಂತರವೇ.

ಎಚ್ಚರಿಕೆ ಬಂದ ಮೇಲೆ ಉಳಿಯುವುದು ಬಹುಶಃ ಅರ್ಧ ಗಂಟೆ. ಇನ್ನೆರಡು ಸಾಲು ಮುಗಿಸಿ ಹೋಗೋಣವೆಂದು ಹೊಲದಲ್ಲೇ ಉಳಿಯುವುದು ಸಲ್ಲದು. ಮಳೆ ಬೀಳುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲುದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ಅಷ್ಟೇ ದೂರದಲ್ಲಿದೆ. ಆಗ ಪಂಪ್‌ಸೆಟ್ಟಿನ ಸ್ವಿಚ್ಚು, ಕಬ್ಬಿಣದ ಪೈಪು, ತಂತಿ ಬೇಲಿ ಯಾವುದನ್ನೂ ಮುಟ್ಟಬಾರದು. ದನಗಳನ್ನು ಹುಣಸೆ, ಬೇವಿನ ಮರದ ಕೆಳಗೆ ಕಟ್ಟದೆ ಕೊಟ್ಟಿಗೆಗೆ ಹೊಡೆದುಕೊಂಡು ಬರುವಷ್ಟು ಸಮಯವನ್ನು ಮೊದಲೇ ಇಟ್ಟುಕೊಳ್ಳಬೇಕು. ಕೊಯ್ದ ಬೆಳೆಗೆ ಟಾರ್ಪಾಲಿನ್ ಹೊದಿಸುವ ಕೆಲಸವೇನಿದ್ದರೂ ಮೊದಲ ಗುಡುಗಿಗೆ ಮುಂಚೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹೊಲಕ್ಕೆ ಇಳಿಯಬಾರದು.