ಮೂಲೆಯಲ್ಲೊಂದು ದೀರ್ಘವೃತ್ತ

ರೇಡಿಯೊ ದೂರದರ್ಶಕ ತೆಗೆದ ಚಿತ್ರಗಳ ಒಂದು ಮೂಲೆಯಲ್ಲಿ, ಸಾಮಾನ್ಯವಾಗಿ ಕೆಳಗೆ ಎಡಕ್ಕೆ, ಪುಟ್ಟ ದೀರ್ಘವೃತ್ತವೊಂದು ಕೂತಿರುತ್ತದೆ. ಅದು ಗ್ಯಾಲಕ್ಸಿಯಲ್ಲ, ಆಕಾಶದ ಆ ಜಾಗದಲ್ಲಿ ಅಂಥದ್ದೇನೂ ಇಲ್ಲ. ಅದು ದೂರದರ್ಶಕದ ಬೀಮ್. ಬರೀ ಚುಕ್ಕೆಯಂತಿರುವ ಆಕಾಶಕಾಯವೂ ಈ ಚಿತ್ರದಲ್ಲಿ ಎಷ್ಟು ಹರಡಿಕೊಳ್ಳುತ್ತದೆ, ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಅದು ಹೇಳುತ್ತದೆ. ಚಿತ್ರ ನೋಡುವವರು ಮೊದಲು ನೋಡಬೇಕಾದದ್ದೇ ಅದನ್ನು.

ಅಲೆ ಉದ್ದವಾದಷ್ಟೂ ಬೀಮ್ ದೊಡ್ಡದು, ದೂರದರ್ಶಕ ಹರಡಿಕೊಂಡಷ್ಟೂ ಚಿಕ್ಕದು. ಪುಣೆ ಬಳಿಯ ಜಿಎಂಆರ್‌ಟಿಯ 30 ಆಂಟೆನಾಗಳು ಸುಮಾರು 25 ಕಿ.ಮೀ. ಹರವಿನಲ್ಲಿವೆ; 21 ಸೆಂ.ಮೀ. ಅಲೆಗೆ ಅದರ ಬೀಮ್ ಎರಡು ಆರ್ಕ್‌ಸೆಕೆಂಡಿನ ಆಸುಪಾಸು. ನಮ್ಮ ಗೌರಿಬಿದನೂರಿನದು ಬೇರೆಯೇ ಕಥೆ. ಅಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಸಾವಿರ ಆಂಟೆನಾಗಳನ್ನು ನಿಲ್ಲಿಸಿದ್ದರು: ಪೂರ್ವ–ಪಶ್ಚಿಮದ ತೋಳು 1.4 ಕಿ.ಮೀ., ದಕ್ಷಿಣದ ತೋಳು ಸುಮಾರು 450 ಮೀಟರ್. ಹಿಡಿಯುತ್ತಿದ್ದುದು 8.7 ಮೀಟರ್ ಉದ್ದದ ಅಲೆ. ಹಾಗಾಗಿ ಬೀಮ್ ಒಂದು ಕಡೆ 26, ಇನ್ನೊಂದು ಕಡೆ 42 ಆರ್ಕ್‌ಮಿನಿಟ್. ಹುಣ್ಣಿಮೆ ಚಂದ್ರನ ಅಗಲವೇ ಸುಮಾರು 30!

ಆ 42 ಕೂಡ ನೆತ್ತಿಯ ಮೇಲಿನ ಆಕಾಶಕ್ಕೆ ಮಾತ್ರ. ಉತ್ತರದ ಇಲ್ಲವೇ ದಕ್ಷಿಣದ ದಿಗಂತದ ಕಡೆಗೆ ಸರಿದಂತೆ ದಕ್ಷಿಣದ ತೋಳು ಓರೆಯಾಗಿ ಕಂಡು ಗಿಡ್ಡವಾಗುತ್ತದೆ, ಬೀಮ್ ಉತ್ತರ–ದಕ್ಷಿಣಕ್ಕೆ ಎಳೆದುಕೊಳ್ಳುತ್ತದೆ. ಆಕಾಶದ ವಿಷುವದ್ವೃತ್ತದಿಂದ 50 ಡಿಗ್ರಿ ದಕ್ಷಿಣಕ್ಕೆ ಹೋದರೆ ಅದು ಸುಮಾರು 96. ಈ ದೂರದರ್ಶಕದಿಂದ ಖಗೋಳ ವಿಜ್ಞಾನಿಗಳಾದ ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶ ನಕ್ಷೆಯ ಬೀಮ್ ಇಂಥದ್ದು. ಇಷ್ಟು ವಿಸ್ತಾರದ ನಕ್ಷೆಗೆ ಮೂಲೆಯಲ್ಲಿ ಒಂದೇ ದೀರ್ಘವೃತ್ತ ಬರೆದು ಕೈತೊಳೆದುಕೊಳ್ಳಲಾಗದು.

ಚಿಲಿಯ ಆಲ್ಮಾ ದೂರದರ್ಶಕ 2014ರಲ್ಲಿ ತೆಗೆದ ಎಚ್‌ಎಲ್ ಟೌರಿ ಚಿತ್ರದಲ್ಲಿ ಎಳೆಯ ನಕ್ಷತ್ರದ ಸುತ್ತ ಬಳೆ ಬಳೆಯಾಗಿ ಧೂಳು ಕಾಣುತ್ತದೆ. 1.3 ಮಿ.ಮೀ. ಅಲೆಯಲ್ಲಿ ಅದರ ಬೀಮ್ ಸುಮಾರು 35ಕ್ಕೆ 22 ಮಿಲಿ ಆರ್ಕ್‌ಸೆಕೆಂಡ್. ಆ ನಕ್ಷತ್ರವಿರುವ ದೂರದಲ್ಲಿ ಇದು ಭೂಮಿ–ಸೂರ್ಯರ ಅಂತರದ ಐದು ಪಟ್ಟು ಉದ್ದ, ಮೂರು ಪಟ್ಟು ಅಗಲ. ಆ ಧೂಳಿನ ತಟ್ಟೆಯೋ ಅಂಥ ಇನ್ನೂರು ಅಂತರಕ್ಕೂ ಮಿಕ್ಕಿದ್ದು. ಬಳೆಗಳನ್ನು ನಂಬಬಹುದು ಅನ್ನುವುದಕ್ಕೆ ಮೂಲೆಯ ಆ ಗುರುತೇ ಆಧಾರ.

ಚಿತ್ರದ ಬಣ್ಣದ ಪಟ್ಟಿಯ ಪಕ್ಕ, ರೇಡಿಯೊ ಪ್ರಕಾಶದ ಏಕಮಾನವಾದ ಜಾನ್ಸ್ಕಿಯಲ್ಲಿ, ‘ಬೀಮ್‌ಗೆ ಇಷ್ಟು ಜಾನ್ಸ್ಕಿ’ ಎಂದು ಬರೆದಿರುತ್ತಾರೆ. ಬೀಮ್ ಎಷ್ಟು ದೊಡ್ಡದೆಂದು ತಿಳಿಯದಿದ್ದರೆ ಹರಡಿಕೊಂಡ ಕಾಯದ ಒಟ್ಟು ಪ್ರಕಾಶವನ್ನು ಲೆಕ್ಕ ಹಾಕಲು ಅದು ಸಾಲದು.

ಈ ದೀರ್ಘವೃತ್ತ ಬರೆಯುವುದು ಸುಲಭ, ತಪ್ಪುವುದು ಇನ್ನೂ ಸುಲಭ. ಉದ್ದ, ಅಗಲ, ವಾಲಿಕೆ ಮೂರೂ ಖಗೋಳ ಚಿತ್ರಗಳನ್ನು ಇಡುವ ಫಿಟ್ಸ್ ಕಡತದ ತಲೆಬರಹದಲ್ಲಿ ಡಿಗ್ರಿಯಲ್ಲೇ ಇರುತ್ತವೆ. ಕೊಟ್ಟಿರುವುದು ಪೂರ್ತಿ ಅಗಲ. ತಂತ್ರಾಂಶ ಕೇಳುವುದು ಅರ್ಧ ಅಗಲವಾದರೆ ದೀರ್ಘವೃತ್ತ ಎರಡು ಪಟ್ಟಾಗಿ ಬಂದೀತು. ವಾಲಿಕೆಯನ್ನು ಎಣಿಸುವುದು ಉತ್ತರದಿಂದ ಪೂರ್ವಕ್ಕೆ, ಆಕಾಶದ ಚಿತ್ರದಲ್ಲಿ ಪೂರ್ವ ಎಡಕ್ಕೆ. ತಂತ್ರಾಂಶ ಬಲಗಡೆಯ ಅಡ್ಡಗೆರೆಯಿಂದ ಎಣಿಸಿದರೆ 90 ಕೂಡಿಸಬೇಕು. ಸಂಶಯ ಬಂದರೆ ಚಿತ್ರದಲ್ಲಿರುವ ಒಂಟಿ ಚುಕ್ಕೆಗಳನ್ನು ನೋಡಿ: ಅವೆಲ್ಲ ಒಂದು ಕಡೆಗೆ ವಾಲಿ, ಮೂಲೆಯದು ಇನ್ನೊಂದು ಕಡೆಗೆ ವಾಲಿದ್ದರೆ ಮೂಲೆಯದ್ದೇ ತಪ್ಪು.